ಗೇಣುದ್ದದ ಕನ್ನಡಿ

ಬೆಣ್ಣೆ ಸವರಿದ ಬ್ರೆಡ್ಡಿನ ವಾಸನೆ, ಮುಂದಿನ ಬೆಂಚಿನಿಂದ, ಪಾಪ ಆಫೀಸಿನವನಿರಬೇಕು, ಊಟದ ಬಿಡುವಿನಲ್ಲಿ ಚರ್ಚಿಗೆ ಓಡಿಬಂದು ಸಂಗೀತವನ್ನೂ ಕೇಳಬೇಕು ಹೊಟ್ಟೆಗೂ ಹಾಕಿಕೊಳ್ಳಬೇಕು, ತಿನ್ನಲಿ, ಆದರೆ ದೇವರೇ, ಇಷ್ಟುದ್ದ ಯಾಕೆ ಬೆಳೆದ, ಆ ತಲೆಯ ಆಚೆ ಆರ್ಗನ್ನಿನ ಕೊಳವೆಗಳೇನೋ ಕಾಣುತ್ತಿವೆ, ಜನಕ್ಕೆ ಬೆನ್ನು ಹಾಕಿ ನುಡಿಸುತ್ತಿರುವ ತಂಗಿಮಗಳ ಒಂದು ಮೊಣಕೈಯೂ ಕಾಣುತ್ತದೆ, ಕನ್ನಡಿ ಕಾಣುತ್ತಿಲ್ಲ — ದೊಡ್ಡಮ್ಮ ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು, ಊಹೂಂ. ಬೆಳಿಗ್ಗೆ ಎಷ್ಟು ಸಲ ಹೇಳಿದಳು, ಮೂರನೇ ಸಾಲು ದೊಡ್ಡಮ್ಮ, ಎಡಗಡೆ ತುದಿ, ಅಲ್ಲೇ ಕೂತ್ಕೋ, ನುಡಿಸೋರಿಗೆ ಅಂತ ಮೇಲೊಂದು ಕನ್ನಡಿ ಇಟ್ಟಿರ್ತಾರೆ, ಅದ್ರಲ್ಲಿ ನಿನ್ ಮುಖ ಕಾಣ್ಸುತ್ತೆ, ವಯಸ್ಸಾದೋರು ಬಂದ್ರು ಅಂತ ಜಾಗ ಬಿಟ್ಕೊಡೋಕೆ ಹೋಗ್ಬೇಡ, ನಿನಗಿಂತ ವಯಸ್ಸಾದೋರು ಯಾರೂ ಬರಲ್ಲ. ಕಡ್ಡಿ, ನಿನ್ನ ಬಾಯಿಗೆ ಬೀಗ ಹಾಕಬೇಕು ಕಣೇ. ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಭರವಸೆಯ ಯುವ ವಾದಕಿ ಎಂದು ಬರೆದಿದ್ದಾರೆ, ಯಾರಪ್ಪಾ ಇದು ಅನ್ನಿಸಿತು, ನಮ್ಮ ಕಡ್ಡಿಯೇ ಅಲ್ಲವೇ, ಊಟದ ಮೇಜಿನ ಅಂಚನ್ನು ಹತ್ತು ಬೆರಳಲ್ಲಿ ನುಡಿಸುತ್ತ, ನೆಲ ಮುಟ್ಟದ ಕಾಲು ಆಡಿಸುತ್ತ, ತಟ್ಟೆಯಲ್ಲಿದ್ದದ್ದನ್ನು ತಣ್ಣಗಾಗಿಸುತ್ತಿದ್ದವಳು, ಈಗ ಅದೇ ಕಾಲು ಕೆಳಗಿನ ಮರದ ಪಟ್ಟಿಗಳನ್ನು ತುಳಿದರೆ ಬೆಂಚು ಗುಂಯ್ ಅನ್ನುತ್ತದೆ, ಬೆನ್ನುಮೂಳೆಯೊಳಗೆ ಯಾರೋ ಮೆಲ್ಲಗೆ ಮಾತಾಡಿದ ಹಾಗೆ — ಚೆನ್ನಾಗಿದೆ, ಇಲ್ಲಿಯವರೆಗೆ ಚೆನ್ನಾಗಿದೆ, ಆದರೆ ಆ ಜಾಗ ಇನ್ನೂ ಬರಬೇಕು, ಹೋದ ತಿಂಗಳು ನುಡಿಸುವಾಗ ಅವಳು ನಿಂತುಹೋದ ಜಾಗ, ಸ್ವರವೆಲ್ಲ ಒಮ್ಮೆ ಉಸಿರು ಹಿಡಿದು ಸುಮ್ಮನಾಗಿ ಮತ್ತೆ ಶುರುವಾಗಬೇಕು, ಶುರುವಾಗಲೇ ಇಲ್ಲವಂತೆ, ಎತ್ತಿದ ಕೈ ಎತ್ತಿದ ಹಾಗೇ, ಆಮೇಲೆ ಎದ್ದು ಪಕ್ಕದ ಬಾಗಿಲಿಂದ ಹೋಗಿಬಿಟ್ಟಳಂತೆ, ಅವತ್ತು ದೊಡ್ಡಮ್ಮ ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಇವತ್ತೂ ಹಾಗಾದ್ರೆ ಇನ್ಮೇಲೆ ಆರ್ಗನ್ ಮುಟ್ಟಲ್ಲ ದೊಡ್ಡಮ್ಮ, ಅಂದಳಲ್ಲ, ನಗುತ್ತಲೇ ಅಂದಳು, ಆದರೂ. ಸ್ವಲ್ಪ ಸರ್ಕೊಳ್ತೀರಾ ಅಂತ ಕೇಳಲೇ, ತಿನ್ನುತ್ತ ಕೂತವರನ್ನು ಏಳಿಸುವುದು ಹೇಗೆ — ಕನ್ನಡಿ, ಆ ಮಗುವಿಗೆ ಯಾವಾಗಲೂ ಕನ್ನಡಿಯೇ ಬೇಕು, ತಂಗಿ ತೀರಿಕೊಂಡ ಮೇಲೆ ಮನೆಗೆ ಕರೆತಂದಾಗ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ, ಸ್ಕೂಲಿಗೆ ಹೊರಡುವಾಗ ತಲೆ ಬಾಚಲು ಕನ್ನಡಿಯ ಮುಂದೆ ಕೂರಿಸಿದರೆ ಮಾತ್ರ, ಹಿಂದೆ ತಿರುಗದೆ, ಗಾಜಿನಲ್ಲೇ ದೊಡ್ಡಮ್ಮನ ಕಣ್ಣು ಹುಡುಕಿ, ಪೆನ್ಸಿಲ್ ಮುರಿದೋಯ್ತು, ಹಲ್ಲು ಅಲ್ಲಾಡ್ತಿದೆ, ಒಂದು ದಿನ — ಅಮ್ಮ ಇನ್ನು ಬರಲ್ಲ ಅಲ್ವಾ ದೊಡ್ಡಮ್ಮ — ಬಾಚಣಿಗೆ ಸಿಕ್ಕಿನಲ್ಲಿ ನಿಂತಿತು, ಕನ್ನಡಿಯಲ್ಲಿ ಎರಡು ಕಣ್ಣು, ದೊಡ್ಡಮ್ಮ ಹೂಂ ಎಂಬಂತೆ ತಲೆ ಆಡಿಸಿದಳು, ಮತ್ತೆ ಬಾಚತೊಡಗಿದಳು, ಜಡೆ ಮುಗಿಯುವವರೆಗೂ ಆ ಕಣ್ಣುಗಳೂ ಕದಲಲಿಲ್ಲ — ಅಯ್ಯೋ, ಬಂತು, ಸ್ವರಗಳು ಮೆಟ್ಟಿಲು ಹತ್ತಿದ ಹಾಗೆ ಹತ್ತಿ, ಹತ್ತಿ, ನಿಂತವು. ಸದ್ದಿಲ್ಲ. ಮೊಣಕೈ ಗಾಳಿಯಲ್ಲೇ ಇದೆ. ಯಾರೋ ಕೆಮ್ಮಿದರು. ದೊಡ್ಡಮ್ಮ ಅರ್ಧ ಎದ್ದಳು, ಮಂಡಿ ಕಟಕ್ ಎಂದಿತು, ಉದ್ದನೆಯವನು ತಿರುಗಿದ, ಬಾಯಿತುಂಬ ಬ್ರೆಡ್ಡು, ಅವಳ ಮುಖ ನೋಡಿದ, ಅವಳು ನೋಡುತ್ತಿದ್ದ ಕಡೆ ನೋಡಿದ, ಏನರ್ಥವಾಯಿತೋ ಪುಣ್ಯಾತ್ಮನಿಗೆ, ಡಬ್ಬಿಯನ್ನು ಎದೆಗವಚಿಕೊಂಡು ಕೂತಲ್ಲೇ ಬಗ್ಗಿಬಿಟ್ಟ, ಮಡಿಸಿದ ಕೊಡೆಯ ಹಾಗೆ, ನೋಡ್ಕೊಳ್ಳಿ ಅಮ್ಮ, ನೋಡ್ಕೊಳ್ಳಿ — ಗೇಣುದ್ದದ ಕನ್ನಡಿ, ಅದರಲ್ಲಿ ಎರಡು ಕಣ್ಣು, ಹುಡುಕುತ್ತಿವೆ, ಸಾಲು ಸಾಲಾಗಿ ಹುಡುಕುತ್ತಿವೆ, ಸಿಕ್ಕಿದಳು — ದೊಡ್ಡಮ್ಮ ತಲೆ ಆಡಿಸಿದಳು, ಅರ್ಧ ಎದ್ದವಳ ಬಲಗೈ ತಾನಾಗಿಯೇ ಮೇಲಿಂದ ಕೆಳಗೆ, ಮೇಲಿಂದ ಕೆಳಗೆ, ಬಾಚುವ ಹಾಗೆ — ಬೆಂಚು ಗುಂಯ್ ಎಂದಿತು, ಕಾಲಡಿಯ ನೆಲವೂ ಗುಂಯ್ ಎಂದಿತು, ಸಾಕು, ಇನ್ನು ಕೈ ನೋಡಿಕೊಂಡು ನುಡಿಸೇ ಕಡ್ಡಿ, ಇಲ್ಲ, ಅವಳು ನೋಡುತ್ತಲೇ ಇದ್ದಾಳೆ, ಕನ್ನಡಿಯಲ್ಲಿ ಎರಡು ಕಣ್ಣು, ಎರಡು ಕಣ್ಣು