ಅಕಿಮನ ತಾಯಿಯ ಕಲ್ಲು

ಶಾರ್ಶೆನ್ ಸತ್ತ ದಿನ ಬೆಳಿಗ್ಗೆ ನಾನು ಇಟ್ಟಿಗೆ ಮಣ್ಣು ತುಳಿಯುತ್ತಿದ್ದೆ. ಗೋಧಿ ಹುಲ್ಲು ಕಲಸಿದ ಕೆಸರು ಮೊಣಕಾಲಿನವರೆಗೆ ಇತ್ತು. ಅವನ ಮಗ ಮೆಲಿಸ್ ಬಂದು ಬೇಲಿಯ ಆಚೆಗೇ ನಿಂತ. ಕೋಟು ಹಾಕಿದ್ದ, ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡಿದ್ದ.

ಅಪ್ಪ ಹೋದರು ಅಂತ ಹೇಳಿದ. ನಾನು ಮುಖಕ್ಕೆ ಎರಡೂ ಕೈ ಸವರಿ ಆಮೀನ್ ಅಂದೆ. ಸತ್ತವನು ಯಾರೇ ಆಗಿರಲಿ, ಅಷ್ಟು ಮಾಡಲೇಬೇಕು. ಮುಖದ ತುಂಬ ಕೆಸರಾಯಿತು. ಆಮೇಲೆ ಮತ್ತೆ ತುಳಿಯತೊಡಗಿದೆ, ಯಾಕೆಂದರೆ ಆ ಮನೆಯ ಜೊತೆ ನನಗೆ ಹದಿನೆಂಟು ವರ್ಷದಿಂದ ಮಾತಿರಲಿಲ್ಲ. ಹುಡುಗ ಸುದ್ದಿ ಮುಟ್ಟಿಸಿ ಹೋಗುತ್ತಾನೆ ಅಂದುಕೊಂಡೆ. ಅವನು ಹೋಗಲಿಲ್ಲ.

"ಅಪ್ಪನ ಗೋರಿಗೆ ಗೋಡೆ ನೀವೇ ಕಟ್ಟಬೇಕಂತೆ, ಚಿಕ್ಕಪ್ಪ. ಹಸಿ ಇಟ್ಟಿಗೇಲಿ. ಗುಮ್ಮಟ ಬೇಡ, ಚಿತ್ರ ಬೇಡ ಅಂದಿದಾರೆ. ಮಣ್ಣು ಮಾಡೋದು ಆ ಹದಿನಾಲ್ಕರ ಸಾಲಿನ ಬಾಲದಲ್ಲಂತೆ, ಅಜ್ಜಿ ಕಲ್ಲಿನ ಹತ್ರ ಬೇಡ್ವಂತೆ."

"ಯಾಕಂತೆ?"

"ನಿಮಗೇ ಗೊತ್ತಿರುತ್ತೆ ಅಂದ್ಕೊಂಡು ಬಂದೆ."

ನನಗೇನು ಗೊತ್ತು. ಮೆಲಿಸ್ ಜಿಲ್ಲಾ ಸಭೆಯ ಚುನಾವಣೆಗೆ ನಿಂತಿದ್ದ. ಅಪ್ಪನಿಗೆ ರಸ್ತೆಗೆ ಕಾಣುವ ಹಾಗೆ ದೊಡ್ಡ ಗುಮ್ಮಟ ಕಟ್ಟಿಸಿ, ಕರಿಕಲ್ಲಲ್ಲಿ ಆಳೆತ್ತರದ ಚಿತ್ರ ಕೆತ್ತಿಸುವುದು ಅವನ ಆಸೆ. ಅದಕ್ಕೆ ಅಪ್ಪನೇ ಅಡ್ಡ ಬಂದು, ಕೊನೆಯ ಮಾತು ಅಂತ ಇದನ್ನು ಹೇಳಿ ಕಣ್ಣು ಮುಚ್ಚಿದ್ದಾನೆ. ಕೊನೆಯ ಮಾತು ಕೇಳಿಸಿಕೊಂಡವರು ಮೆಲಿಸ್‌ನ ಅಮ್ಮ ಮತ್ತು ಮುಲ್ಲಾ, ಹಾಗಾಗಿ ಮುಚ್ಚಿಹಾಕುವುದಕ್ಕೂ ಆಗದು.

ನಾನು ಆಗಲ್ಲ ಅಂತ ಹೇಳಿ ಕಳಿಸಿದೆ.

ಯಾಕೆ ಆಗಲ್ಲ ಅನ್ನುವುದು ಊರಿಗೆಲ್ಲ ಗೊತ್ತಿರುವ ವಿಷಯ. ಶಾರ್ಶೆನ್ ನಮ್ಮ ಐದು ಹಳ್ಳಿಗೆ ಅಕಿಮ ಆಗಿದ್ದ, ಅಂದರೆ ಆಡಳಿತವೆಲ್ಲ ಅವನ ಕೈಯಲ್ಲಿತ್ತು. ಹತ್ತೊಂಬತ್ತು ವರ್ಷದ ಹಿಂದೆ, ಜುಲೈ ತಿಂಗಳಲ್ಲಿ, ದೊಡ್ಡ ರಸ್ತೆ ಅಗಲ ಮಾಡುವವರು ಬಂದರು. ರಸ್ತೆಗೆ ಗೋರಿಸ್ಥಳದ ಕೆಳಗಿನ ಮೂಲೆ ಬೇಕಾಗಿತ್ತು. ಆ ಮೂಲೆಯಲ್ಲಿ ಹದಿನಾಲ್ಕು ಗೋರಿಗಳಿದ್ದವು. ಜುಲೈಯಲ್ಲಿ ಊರಲ್ಲಿ ಯಾರಿರುತ್ತಾರೆ? ಎಲ್ಲರೂ ಕುರಿ ಕುದುರೆ ಹೊಡೆದುಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿದ್ದೆವು. ಸೆಪ್ಟೆಂಬರ್‌ನಲ್ಲಿ ಇಳಿದು ಬಂದು ನೋಡಿದರೆ ಮೂಲೆ ಇದ್ದ ಕಡೆ ಜಲ್ಲಿ ಹಾಸಿದೆ, ಮೇಲಿನ ಇಳಿಜಾರಿನಲ್ಲಿ ಒಂದೇ ಸಾಲಿಗೆ ಹದಿನಾಲ್ಕು ಹೊಸ ದಿಬ್ಬ. ಅವುಗಳಲ್ಲಿ ಒಂದು ನಮ್ಮಮ್ಮನದು.

ಯಾವುದು? ಪಟ್ಟಿ ಇದೆ ಅಂದ ಶಾರ್ಶೆನ್. ಹಲಗೆ ಬರೆಸಿ ಹಾಕುತ್ತೇನೆ ಅಂದ. ಮೊದಲು ಮೂರನೇ ದಿಬ್ಬಕ್ಕೆ ಒಂದು ಕಲ್ಲು ಬಂತು, ಅವನ ಸ್ವಂತ ತಾಯಿಯ ಹೆಸರಿನದು. ಮಿಕ್ಕ ಹದಿಮೂರಕ್ಕೆ ಏನೂ ಬರಲಿಲ್ಲ. ಚಳಿಗಾಲ ಕಳೆಯಲಿ ಅಂದ. ಚಳಿಗಾಲ ಕಳೆದ ಮೇಲೆ ಕಚೇರಿಯ ಮಾಡು ಸೋರಿ ಕಾಗದವೆಲ್ಲ ಒದ್ದೆಯಾಗಿದೆ, ಒಣಗಿಸಿ ಓದಬೇಕು ಅಂದ. ನಾನು ಕಚೇರಿಯ ಮುಂದೆ, ಹತ್ತು ಜನ ನೋಡುತ್ತಿರುವಾಗ ಅವನ ಕಾಲರು ಹಿಡಿದೆ. ಸ್ವಂತ ತಾಯಿಯದು ಮಾತ್ರ ಒದ್ದೆಯಾಗಲಿಲ್ಲವೇನೋ ಅಂತ ಕೇಳಿದೆ. ಅವನು ಕೈ ಬಿಡಿಸಿಕೊಳ್ಳಲೂ ಇಲ್ಲ. ಅದೇ ಕೊನೆ. ಆಮೇಲೆ ನಾನು ಪ್ರತಿ ವಸಂತದಲ್ಲಿ ಕಚೇರಿಗೆ ಒಂದು ಅರ್ಜಿ ಬರೆದೆ, ಪಟ್ಟಿ ಕೊಡಿ ಅಂತ. ಹದಿನೆಂಟು ಅರ್ಜಿ. ಒಂದಕ್ಕೂ ಉತ್ತರ ಬರಲಿಲ್ಲ.

ನನ್ನ ಹೆಂಡತಿ ಬುರುಲ್ ಗುರುವಾರದ ಸಂಜೆ ಸತ್ತವರ ಹೆಸರಲ್ಲಿ ಎಣ್ಣೆ ಕಾಯಿಸಿ ಹಿಟ್ಟಿನ ಉಂಡೆ ಕರಿಯುವಾಗ ಹದಿನಾಲ್ಕು ಎಣಿಸಿ ತೆಗೆದಿಡುತ್ತಿದ್ದಳು. ಒಂದು ಅತ್ತೆಗೆ, ಹದಿಮೂರು ನೆಂಟರಿಗೆ ಅನ್ನುತ್ತಿದ್ದಳು. ನಾನು ಗೋರಿಸ್ಥಳಕ್ಕೆ ಹೋದಾಗ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು, ಎಲ್ಲಿ ನಿಲ್ಲಬೇಕೋ ತಿಳಿಯದೆ ಸಾಲಿನಾಚೆಗೆ ಬಂದು ನಿಲ್ಲುತ್ತಿದ್ದೆ. ಮೂರನೆಯದರ ಮುಂದೆ ಹಾಯುವಾಗ ಮಾತ್ರ ಮುಖ ಆಚೆ ತಿರುಗಿಸುತ್ತಿದ್ದೆ.

ಆ ಮನುಷ್ಯ ನನ್ನನ್ನು ಕರೆದಿದ್ದಾನೆ. ಬುರುಲ್ ಹೇಳಿದಳು, ಅವಮಾನ ಮಾಡೋಕೇ ಕರೆದಿರೋದು, ನಿನ್ನ ಕೈಯಲ್ಲೇ ಕಟ್ಟಿಸಿಕೊಂಡು ಮಲಗೋಕೆ. ಪಕ್ಕದ ಮನೆಯ ಮುದುಕ ಸಪರ್ಬಾಯ್, ಇಲ್ಲ ಕಣೋ, ಕ್ಷಮೆ ಕೇಳ್ತಿದಾನೆ ಅಂದ. ಮುಲ್ಲಾನನ್ನು ಕೇಳಿದರೆ, ನಾನು ಕಿವಿಗೆ ಬಿದ್ದದ್ದು ಹೇಳಿದೆ, ಮನಸ್ಸಿನಲ್ಲಿದ್ದದ್ದು ದೇವರಿಗೆ ಗೊತ್ತು ಅಂದ. ಮೂವರ ಮಾತೂ ಸರಿ ಅನ್ನಿಸಿತು. ಅದೇ ತೊಂದರೆ.

ಮೂರನೇ ದಿನ ಮಣ್ಣು. ಹೋಗದೆ ಇರುವ ಹಾಗಿಲ್ಲ, ಊರಿನ ಗಂಡಸರೆಲ್ಲ ಹೋಗಬೇಕು. ಅವರ ಅಂಗಳದಲ್ಲಿ ಶೋಕದ ಡೇರೆ ಹಾಕಿದ್ದರು. ಒಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಹಾಡಿ ಅಳುತ್ತಿದ್ದರು. ಹೊರಗೆ ಮೆಲಿಸ್, ಸತ್ತವನ ಮಗ ನಿಲ್ಲಬೇಕಾದ ಹಾಗೆ, ನಡು ಬಿಗಿದು ಕೋಲಿಗೆ ಒರಗಿ ನಿಂತಿದ್ದ. ಶವವನ್ನು ಕಂಬಳಿಯಲ್ಲಿ ಸುತ್ತಿ ನಮ್ಮ ಮುಂದೆ ಇಟ್ಟರು. ಸಾಲಾಗಿ ನಿಂತೆವು.

ನಮಾಜಿಗೆ ಮುಂಚೆ ಮಗ ಎಲ್ಲರನ್ನೂ ಕೇಳಬೇಕು. ಎಂಥವನೇ ಸತ್ತಿರಲಿ, ಎಲ್ಲರೂ ಒಂದೇ ಉತ್ತರ ಹೇಳಬೇಕು. ಕುದುರೆ ಕಳ್ಳನಿಗೂ ಅದನ್ನೇ ಹೇಳಿದ್ದೇವೆ. ನಾನು ಮಾತ್ರ ಈ ಗಳಿಗೆಗೆ ಅಂತಲೇ ಹದಿನೆಂಟು ವರ್ಷದಿಂದ ಒಂದು ಪದ ಕಾದಿಟ್ಟಿದ್ದೆ. ಸುಳ್ಳುಗಾರ. ಅಷ್ಟೇ. ಒಂದೇ ಪದ, ಗಟ್ಟಿಯಾಗಿ ಹೇಳಿ ಮನೆಗೆ ಬಂದುಬಿಡಬೇಕು ಅಂತಿದ್ದೆ.

"ನಮ್ಮಪ್ಪ ಎಂಥ ಮನುಷ್ಯ ಆಗಿದ್ರು?" ಅಂತ ಮೆಲಿಸ್ ಕೇಳಿದ.

"ಒಳ್ಳೇ ಮನುಷ್ಯ," ಅಂತ ಇನ್ನೂರು ಗಂಟಲು ಒಟ್ಟಿಗೆ ಹೇಳಿದವು.

ಅವರು ಹೇಳಿ ಮುಗಿಸುವವರೆಗೂ ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ. ಈಗ ಹೇಳಬೇಕು. ಹೇಳಿದೆ. ಆದರೆ ಬಾಯಿಂದ ಬಂದದ್ದು ಕಾದಿಟ್ಟ ಪದ ಅಲ್ಲ.

"ನಮ್ಮಮ್ಮ ಎಲ್ಲಿ, ಶಾರ್ಶೆನಣ್ಣ?"

ಕಂಬಳಿಯನ್ನು ನೋಡಿಕೊಂಡು ಕೇಳಿದೆ. ಅವನನ್ನು ಅಣ್ಣ ಅಂತ ಯಾಕೆ ಕರೆದೆನೋ ಗೊತ್ತಿಲ್ಲ, ಚಿಕ್ಕಂದಿನಲ್ಲಿ ಹಾಗೆ ಕರೆಯುತ್ತಿದ್ದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಡೇರೆಯೊಳಗಿನ ಅಳು ನಿಂತಿತು, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಮುಲ್ಲಾ ಕೈಯೆತ್ತಿ ನಮಾಜು ಶುರು ಮಾಡಿದ. ನಾನೂ ಮಾಡಿದೆ, ಇನ್ನೇನು ಮಾಡಲಿ.

ಸಾಲಿನ ಬಾಲದಲ್ಲೇ ಅವನನ್ನು ಇಳಿಸಿದೆವು. ಅವನ ತಾಯಿಯ ಕಲ್ಲಿನ ಕಾಲಬಳಿ ಇಬ್ಬರಿಗಾಗುವಷ್ಟು ಜಾಗ ಖಾಲಿಯಿದ್ದರೂ ಹನ್ನೆರಡು ಹೆಜ್ಜೆ ದೂರಕ್ಕೆ ಹೊತ್ತುಕೊಂಡು ಹೋದೆವು. ಸಲಿಕೆಯನ್ನು ಕೈಯಿಂದ ಕೈಗೆ ಕೊಡುವ ಹಾಗಿಲ್ಲ, ನೆಲಕ್ಕೆ ಹಾಕಬೇಕು, ಮುಂದಿನವನು ಎತ್ತಿಕೊಳ್ಳಬೇಕು. ಮೆಲಿಸ್ ಹಾಕಿದ ಸಲಿಕೆಯನ್ನು ನಾನು ಎತ್ತಿಕೊಂಡೆ. ಎಷ್ಟು ಮಣ್ಣು ಹಾಕಿದೆನೋ, ಸಾಕು ಬಿಡೋ ಅಂತ ಸಪರ್ಬಾಯ್ ತೋಳು ಹಿಡಿದು ನಿಲ್ಲಿಸಿದ.

ವಾಪಸು ಬಂದು ಕುದುರೆ ಮಾಂಸದ ತಟ್ಟೆಯ ಮುಂದೆ ಕೂತಿದ್ದಾಗ ಒಬ್ಬಳು ಸೊಸೆ ಬಂದು, ಅತ್ತೆ ಕರೀತಿದಾರೆ ಅಂದಳು. ಡೇರೆಗೆ ಹೋದೆ. ಶಾರ್ಶೆನ್‌ನ ಹೆಂಡತಿ ಐಮ್ಕಾನ್ ಅತ್ತಿಗೆ ಕರಿಯ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಅತ್ತು ಅತ್ತು ದನಿ ಸೀಳಿತ್ತು. ಮಿಕ್ಕವರನ್ನು ಹೊರಗೆ ಕಳಿಸಿದಳು.

ಹೇಳುವುದನ್ನೆಲ್ಲ ಒಂದೇ ಸಮನೆ ಹೇಳಿದಳು. ರಸ್ತೆಯವರು ಹೇಳಿದ್ದಕ್ಕಿಂತ ಒಂದು ವಾರ ಮೊದಲೇ ಯಂತ್ರ ತಂದು ನಿಲ್ಲಿಸಿದ್ದರಂತೆ. ನಾಳೆ ಬೆಳಿಗ್ಗೆ ಅಗೆಯುತ್ತೇವೆ ಅಂದರಂತೆ. ಬೆಟ್ಟಕ್ಕೆ ಸುದ್ದಿ ಕಳಿಸಿ ಜನ ಇಳಿದು ಬರಲು ಎರಡು ದಿನ ಬೇಕು. ಶಾರ್ಶೆನ್, ಟ್ರ್ಯಾಕ್ಟರ್ ಓಡಿಸುವವ, ಆಗಿನ ಹಳೆಯ ಮುಲ್ಲಾ, ಮೂರೇ ಜನ ಅಗೆದರು. ಅಂಗಡಿಯಿಂದ ಬಿಳಿ ಬಟ್ಟೆ ತಂದು ಮೂಳೆಗಳನ್ನು ಹದಿನಾಲ್ಕು ಗಂಟು ಕಟ್ಟಿ, ಒಂದೊಂದರ ಮೇಲೂ ಇದ್ದಿಲಲ್ಲಿ ಅಂಕಿ ಬರೆದು, ಪಟ್ಟಿಯಲ್ಲಿ ಹೆಸರು ಬರೆದುಕೊಂಡರು. ಪಟ್ಟಿ ನಿಜವಾಗಿಯೂ ಇತ್ತು. ಅಷ್ಟರಲ್ಲಿ ಮಳೆ ಬಂತು. ಹಳ್ಳ ದಾಟುವಾಗ ಟ್ರ್ಯಾಕ್ಟರಿನ ಹಿಂದಿನ ಗಾಡಿ ವಾಲಿ ಗಂಟುಗಳೆಲ್ಲ ನೀರಿಗೆ ಜಾರಿದವು. ಹದಿನಾಲ್ಕನ್ನೂ ಹಿಡಿದು ಮೇಲೆ ತಂದರು, ಒಂದೂ ಹೋಗಲಿಲ್ಲ. ಆದರೆ ಇದ್ದಿಲು ತೊಳೆದುಹೋಗಿತ್ತು.

ಮಿಕ್ಕ ಇಬ್ಬರೂ ಸತ್ತು ಬಹಳ ವರ್ಷವಾಯಿತು. ನಾನು ಮೂರನೆಯ ದಿಬ್ಬದ ಕಲ್ಲಿನ ವಿಷಯ ಕೇಳಿದೆ.

"ಅದೂ ಗೊತ್ತಿರಲಿಲ್ಲ ಕಣೋ ಎಸೆನ್‌ಗುಲ್. ನೀವೆಲ್ಲ ಬೆಟ್ಟದಿಂದ ಇಳಿದು ಬಂದು ಬಾಗಿಲಿಗೆ ನಿಂತ್ರಿ. ಇವರು ಹೆದರಿಬಿಟ್ರು. ಒಂದು ಕಲ್ಲು ನಿಂತರೆ ಜನ ನಂಬ್ತಾರೆ, ಆಮೇಲೆ ಒಂದೊಂದಾಗಿ ನಿಲ್ಲಿಸಿಬಿಡೋಣ ಅಂದ್ರು. ಮೊದಲನೇದನ್ನ ನಮ್ಮತ್ತೆ ಹೆಸರಲ್ಲೇ ನಿಲ್ಲಿಸಿದ್ರು, ಸುಳ್ಳಾದ್ರೂ ನಮ್ಮನೇದೇ ಆಗಿರ್ಲಿ ಅಂತ. ಆವತ್ತು ರಾತ್ರಿ ಊಟ ಮಾಡ್ಲಿಲ್ಲ. ಒಂದು ಸುಳ್ಳು ಹೇಳಿದ್ದೇ ಸಾಕಾಯ್ತು, ಇನ್ನೂ ಹದಿಮೂರು ಹೇಳೋಕೆ ಆಗ್ಲಿಲ್ಲ."

"ಹಾಗಾದ್ರೆ ಆ ಕಲ್ಲಿನಡಿ ನಮ್ಮಮ್ಮ ಇರಬಹುದು."

"ಇರಬಹುದು. ಇಲ್ದೇನೂ ಇರಬಹುದು."

"ನನ್ನನ್ನೇ ಯಾಕೆ ಕರೆದ, ಅತ್ತಿಗೆ?"

"ಅದನ್ನ ನಾನೂ ಕೇಳ್ದೆ. ಗೋಡೆ ಕಡೆ ತಿರುಗಿ ಮಲಗಿದ್ರು. ನಿನ್ನ ಅರ್ಜಿಗಳನ್ನ ಮಾತ್ರ ಇಟ್ಕೊಂಡಿದ್ರು, ಹಾಸಿಗೆ ಕೆಳಗೆ," ಅಂದು ಕರವಸ್ತ್ರದಲ್ಲಿ ಕಟ್ಟಿದ್ದನ್ನು ನನ್ನ ಮುಂದೆ ತಳ್ಳಿದಳು. ಬಿಚ್ಚದೆಯೇ ಗೊತ್ತಾಯಿತು. ಹದಿನೆಂಟು.

ಊರಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು ಅಂದಳು. ನನಗೆ ಬಚ್ಚಿಡುವುದು ಬರುವುದಿಲ್ಲ. ಏಳನೇ ದಿನದ ಊಟದಲ್ಲಿ ಎಲ್ಲರೂ ಕೂತಿರುವಾಗ ಎದ್ದು ನಿಂತು, ಗಾಡಿ ವಾಲಿದ್ದರಿಂದ ಹಿಡಿದು ಕಲ್ಲಿನವರೆಗೆ ಎಲ್ಲವನ್ನೂ ಹೇಳಿದೆ. ಗಲಾಟೆ ಆಗುತ್ತದೆ, ಕಲ್ಲು ಕಿತ್ತೆಸೆಯಲು ಜನ ಓಡುತ್ತಾರೆ ಅಂದುಕೊಂಡಿದ್ದೆ. ಮೆಲಿಸ್ ತಲೆ ತಗ್ಗಿಸಿದ. ಮಿಕ್ಕವರು ಉಣ್ಣುತ್ತಲೇ ಇದ್ದರು. ಸಪರ್ಬಾಯ್‌ನ ಅಪ್ಪನೂ ಆ ಹದಿನಾಲ್ಕರಲ್ಲಿ ಒಬ್ಬ. ಅವನು ಮೂಳೆ ಚೀಪಿ ತಟ್ಟೆಗಿಟ್ಟು, ಕೈ ಒರೆಸಿಕೊಂಡು ನನ್ನನ್ನು ನೋಡಿದ.

"ಕೂತ್ಕೊಳೋ. ಇದು ನಮಗೆಲ್ಲ ಮೊದಲನೇ ಚಳಿಗಾಲದಲ್ಲೇ ಗೊತ್ತಾಗಿತ್ತು. ಪಟ್ಟಿ ಇದೆ ಅಂತ ಅವನ ಮಾತು ನಂಬಿ ಅರ್ಜಿ ಬರೀತಾ ಕೂತಿದ್ದೋನು ಈ ಊರಲ್ಲಿ ನೀನೊಬ್ಬನೇ."

ಕೂತೆ. ಅವನನ್ನು ಸುಳ್ಳುಗಾರ ಅಂತ ಊರೆಲ್ಲ ಬೈದುಕೊಂಡು ತಿರುಗಿದವನು ನಾನು. ಅವನನ್ನು ನಂಬಿದವನೂ ನಾನೊಬ್ಬನೇ ಅಂತೆ. ಆ ರಾತ್ರಿ ಬುರುಲ್‌ಗೆ ಅದನ್ನು ಹೇಳಿದರೆ, ನನಗೂ ಗೊತ್ತಿತ್ತು, ನಿನಗೆ ಹೇಳಿದ್ರೆ ಹೊಡೆದಾಟಕ್ಕೆ ಹೋಗ್ತಿದ್ದೆ, ಅದಕ್ಕೇ ಹದಿನಾಲ್ಕು ಉಂಡೆ ಕರೀತಿದ್ದೆ ಅಂದಳು. ನನಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಗೋಡೆ ಕಟ್ಟಲು ಒಪ್ಪಿದೆ. ಒಂದೇ ಷರತ್ತು ಹಾಕಿದೆ, ಕಟ್ಟುವುದಾದರೆ ಹದಿನೈದನ್ನೂ ಸುತ್ತಿ ಕಟ್ಟುತ್ತೇನೆ, ಅವನೊಬ್ಬನಿಗೆ ಅಲ್ಲ. ಐಮ್ಕಾನ್ ಅತ್ತಿಗೆ ಹೂಂ ಅಂದಳು. ಮೆಲಿಸ್‌ಗೆ ಅಮ್ಮನ ಮಾತು ಮೀರಲು ಆಗಲಿಲ್ಲ, ಆದರೆ ಆಸೆಯನ್ನು ಬಿಡಲೂ ಆಗಲಿಲ್ಲ. ಪಟ್ಟಣದಿಂದ ಕರಿಕಲ್ಲು ತರಿಸಿ, ಕೋಟು ಟೈ ಹಾಕಿ ಎದೆಗೆ ಪದಕ ಚುಚ್ಚಿಕೊಂಡ ಅಪ್ಪನ ಚಿತ್ರ ಕೆತ್ತಿಸಿ, ಕೆಳಗೆ ರಸ್ತೆಯ ತಿರುವಿನಲ್ಲಿ ನಿಲ್ಲಿಸಿದ. ಚಿತ್ರ ಬೇಡ ಅಂದದ್ದು ಗೋರಿಗೆ, ರಸ್ತೆಗಲ್ಲ ಅಂತ ಅವನ ವಾದ. ಈಗ ಪಟ್ಟಣದ ಬಸ್ಸಿನಲ್ಲಿ ಹೋಗುವವರೆಲ್ಲ ಆ ಕಲ್ಲು ಕಂಡ ಕೂಡಲೇ ಮುಖಕ್ಕೆ ಕೈ ಸವರುತ್ತಾರೆ. ಅದರಡಿ ಯಾರೂ ಇಲ್ಲ. ಚುನಾವಣೆಯಲ್ಲಿ ಮೆಲಿಸ್ ಗೆದ್ದ.

ನಾನು ಎರಡು ತಿಂಗಳು ಕಟ್ಟಿದೆ. ಎದೆಮಟ್ಟದ ಗೋಡೆ, ಹಸಿ ಇಟ್ಟಿಗೆ, ಮೇಲೆ ಹುಲ್ಲು ಮಣ್ಣಿನ ಗಾರೆ. ಮೂವತ್ತು ವರ್ಷ ನಿಂತೀತು, ಆಮೇಲೆ ಕರಗಿ ನೆಲಕ್ಕೆ ಸೇರುತ್ತದೆ. ಮೂರನೆಯ ದಿಬ್ಬದ ಕಲ್ಲನ್ನು ಕೀಳಲಿಲ್ಲ. ಹಾರೆ ತೆಗೆದುಕೊಂಡು ಎರಡು ಸಲ ಹೋದೆ. ಹದಿನಾಲ್ಕರಲ್ಲಿ ಒಂದು ಪಾಲು ಅದು ನಿಜವೂ ಆಗಿರಬಹುದಲ್ಲ ಅನ್ನಿಸಿ ವಾಪಸು ಬಂದೆ. ಮುಖ ತಿರುಗಿಸುವುದನ್ನು ಮಾತ್ರ ಬಿಟ್ಟಿದ್ದೇನೆ.

ಬಾಗಿಲಿನ ಜಾಗಕ್ಕೆ ಬಂದಾಗ ಕೆಲಸ ನಿಂತುಹೋಯಿತು. ಬಾಗಿಲು ಯಾರ ಎದುರಿಗೆ ಬಿಡುತ್ತೇವೋ ಒಳಗೆ ಬಂದವರ ಮೊದಲ ಪ್ರಾರ್ಥನೆ ಅವರಿಗೆ ಸಲ್ಲುತ್ತದೆ. ನಮ್ಮಮ್ಮನ ಎದುರಿಗೆ ಬಿಡಬೇಕು ಅಂತ ಆಸೆ. ಸಾಲಿನ ಈ ತುದಿಯಿಂದ ಆ ತುದಿಗೆ ಮತ್ತೆ ನಡೆದೆ. ಒಂದೊಂದು ದಿಬ್ಬದ ಮುಂದೂ ನಿಂತೆ, ಮೂರನೆಯದರ ಮುಂದೂ ನಿಂತೆ. ಎಲ್ಲಿಯೂ ಇದೇ ಅನ್ನಿಸಲಿಲ್ಲ, ಎಲ್ಲಿಯೂ ಇದಲ್ಲ ಅನ್ನಿಸಲಿಲ್ಲ. ಬಾಲದವರೆಗೆ ಬಂದೆ. ಇವನು ಯಾರು ಅಂತ ನನಗೆ ಗೊತ್ತಿತ್ತು. ನನ್ನ ಕೈಯಿಂದಲೇ ಮಣ್ಣು ಹಾಕಿದ್ದೆ. ಹದಿನೈದರಲ್ಲಿ ಹೆಸರು ಹಿಡಿದು ಧೈರ್ಯವಾಗಿ ಕರೆಯಬಹುದಾದದ್ದು ಅವನೊಬ್ಬನನ್ನೇ.

ಬಾಗಿಲನ್ನು ಅಲ್ಲೇ ಬಿಟ್ಟೆ. ಈಗ ಒಳಗೆ ಹೋದರೆ ಮೊದಲು ಶಾರ್ಶೆನಣ್ಣ ಅನ್ನುತ್ತೇನೆ, ಅಲ್ಲಿಂದ ಹಿಂದಕ್ಕೆ ಹದಿನಾಲ್ಕು ಸಲ ಅಮ್ಮಾ ಅನ್ನುತ್ತಾ ಹೋಗುತ್ತೇನೆ. ಇದನ್ನು ಮಾಡಿಸುವುದಕ್ಕೇ ನನ್ನನ್ನು ಕರೆದನೋ, ಅಥವಾ ಊರಲ್ಲಿ ಬೇರೆ ಯಾರೂ ಹಸಿ ಇಟ್ಟಿಗೆ ಮಾಡುವುದಿಲ್ಲ ಅಂತ ಕರೆದನೋ, ನನಗೆ ಇವತ್ತಿಗೂ ಗೊತ್ತಿಲ್ಲ.