ಕಾಮಾಕ್ಷಮ್ಮನ ಪ್ರವಾಸ

ಶುಕ್ರವಾರ ಸಂಜೆ ಡೇರಿಗೆ ಹಾಲು ಹಾಕಿ ಬಂದ ಮಹೇಶ್ ನಡುಮನೆಯಲ್ಲಿ ಕೂತು, ಮೊಬೈಲ್ ನೋಡುತ್ತ ಹಾಳೆಯೊಂದರ ಮೇಲೆ ಊರುಗಳ ಹೆಸರು ಬರೆಯುತ್ತಿದ್ದ. ಪಕ್ಕದಲ್ಲಿ ಅವನ ತಂದೆ ಸಣ್ಣಸ್ವಾಮಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡುತ್ತಿದ್ದರು.

"ಭಾನುವಾರ ಬೆಳಿಗ್ಗೆ ಆರಕ್ಕೆ ಮನೆ ಬಿಡೋದು. ಮಡಿಕೇರಿ, ಭಾಗಮಂಡಲ, ತಲಕಾವೇರಿ. ಬರ್ತಾ ಎರಡು ಜಲಪಾತ, ಒಂದು ವ್ಯೂ ಪಾಯಿಂಟು. ಕತ್ತಲಾಗೋದ್ರೊಳಗೆ ವಾಪಸ್."

"ಮಧ್ಯೆ ಎಲ್ಲೆಲ್ಲಿ ನಿಲ್ಲಿಸ್ತೀಯಪ್ಪಾ?" ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಮಾಕ್ಷಮ್ಮ ಕೇಳಿದರು.

"ಮಧ್ಯೆ ನಿಲ್ಲಿಸ್ತಾ ಹೋದ್ರೆ ಆರು ಜಾಗ ಮುಗಿಯಲ್ಲ ಅವ್ವ. ತಿಂಡಿ ಕಾರಲ್ಲೇ ತಿನ್ನೋಣ."

ಕಾಮಾಕ್ಷಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ನೀವೆಲ್ಲ ಹೋಗ್ಬನ್ನಿ. ಹಸು ಹಾಲು ಕರೆಯೋರ್ ಯಾರು?" ಎಂದರು.

"ಮೂವತ್ತೆಂಟು ವರ್ಷದಿಂದ ಇದೇ ಕತೆ," ಸಣ್ಣಸ್ವಾಮಿ ನಕ್ಕರು. "ಕೊಡಗಿಗೆ ಮದುವೆಯಾಗಿ ಬಂದೋಳು, ಸುಂಟಿಕೊಪ್ಪ ದಾಟಿ ಮಡಿಕೇರಿನೇ ನೋಡಿಲ್ಲ ಅಂದ್ರೆ ಜನ ಏನಂತಾರೆ? ಪಕ್ಕದ ಮನೆ ಸರೋಜಂಗೆ ಹೇಳಿದೀನಿ, ಅವಳು ಕರೀತಾಳೆ. ನೀನು ಬರ್ತೀಯ, ಅಷ್ಟೇ."

ಹೋಗಬೇಕೆಂಬ ಆಸೆ ಕಾಮಾಕ್ಷಮ್ಮನಿಗೂ ಇತ್ತು. ಕುಶಾಲನಗರದ ಹತ್ತಿರ ಅವರ ಜಮೀನಿನ ಪಕ್ಕದಲ್ಲೇ ಹರಿಯುವ ಕಾವೇರಿ ಎಲ್ಲಿ ಹುಟ್ಟುತ್ತಾಳೋ ಒಮ್ಮೆ ನೋಡಬೇಕೆಂದು ಎಷ್ಟೋ ಸಲ ಅನ್ನಿಸಿತ್ತು. ಆದರೆ ಮೂರು ಹೆರಿಗೆಯಾದ ಮೈ ಈಗ ಅವರ ಮಾತು ಕೇಳುತ್ತಿರಲಿಲ್ಲ. ಒಂದೂವರೆ ಗಂಟೆಗಿಂತ ಹೆಚ್ಚು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಕೆಮ್ಮಿದರೂ, ಬಸ್ಸು ಗುಂಡಿಗೆ ಇಳಿದರೂ ಭಯ. ಇದನ್ನು ಗಂಡನಿಗೆ ಹೇಳುವುದು ಹೇಗೆ? ಮಗನಿಗಂತೂ ಹೇಳುವ ಮಾತೇ ಅಲ್ಲ.

ಆ ರಾತ್ರಿಯಿಂದಲೇ ಅವರು ನೀರು ಕಡಿಮೆ ಮಾಡಿದರು. ಶನಿವಾರ ಬೆಳಿಗ್ಗೆ ಕಾಫಿ ಕುಡಿಯಲಿಲ್ಲ. ಮಧ್ಯಾಹ್ನ ಮಜ್ಜಿಗೆ ಬೇಡವೆಂದರು. ಹಿಂದೆ ಹೀಗೆಯೇ ಮಾಡಿ ಉರಿಮೂತ್ರವಾಗಿ, ಜ್ವರ ಬಂದು, ಡಾಕ್ಟರಮ್ಮನಿಂದ ಬೈಸಿಕೊಂಡಿದ್ದು ನೆನಪಿತ್ತು. ಆದರೂ ಕಾರಿನ ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿರುವ ತಮ್ಮನ್ನು ನೆನೆಸಿಕೊಂಡರೆ ಜ್ವರವೇ ವಾಸಿ ಅನ್ನಿಸುತ್ತಿತ್ತು.

ಸಂಜೆ ಕೊಟ್ಟಿಗೆಯಲ್ಲಿ ಹುಲ್ಲು ಹಾಕುವಾಗ ತಲೆ ಸುತ್ತಿ ಗೋಡೆ ಹಿಡಿದುಕೊಂಡರು. ಸೊಸೆ ಅನುಶ್ರೀ ಓಡಿ ಬಂದು ಕೂರಿಸಿದಳು.

"ಬೆಳಿಗ್ಗೆಯಿಂದ ನೋಡ್ತಿದೀನಿ ಅತ್ತೆ, ಒಂದು ತೊಟ್ಟು ನೀರು ಕುಡಿದಿಲ್ಲ ನೀವು. ಯಾಕೆ?"

ಕಾಮಾಕ್ಷಮ್ಮ ಮೊದಲು ಹಸುವಿನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ಕೊನೆಗೆ ಮೆಲ್ಲಗೆ ಎಲ್ಲವನ್ನೂ ಹೇಳಿಬಿಟ್ಟರು.

ಅನುಶ್ರೀ ನಗಲಿಲ್ಲ. "ನಾನೇನು ಕಮ್ಮಿಯಾ ಅತ್ತೆ? ಮದುವೆಯಾದ ಹೊಸದ್ರಲ್ಲಿ ಧರ್ಮಸ್ಥಳಕ್ಕೆ ಹೋದಾಗ ದಾರಿಯುದ್ದಕ್ಕೂ ನೀರು ಮುಟ್ಟಿರಲಿಲ್ಲ. ಗಂಡಸರಿಗೆ ಯಾವ ಮರವಾದರೂ ಆಗುತ್ತೆ. ನಾನು ಹೇಳ್ತೀನಿ ಅವರಿಗೆ."

"ಬೇಡಮ್ಮಾ, ನಿಂಗೆ ಕೈ ಮುಗೀತೀನಿ. ಮಾನ ಹೋಗುತ್ತೆ."

"ನಿಮ್ಮ ಹೆಸರು ಎತ್ತಲ್ಲ. ನಂಗೇ ಬೇಕು ಅಂತೀನಿ."

ರಾತ್ರಿ ಊಟಕ್ಕೆ ಕೂತಾಗ ಅನುಶ್ರೀ ಹಾಗೆಯೇ ಹೇಳಿದಳು. "ನಾಳೆ ಗಂಟೆಗೊಂದು ಸಲ ಕಾರು ನಿಲ್ಲಿಸ್ಬೇಕು. ನಂಗೆ ಬಾತ್‌ರೂಮಿಗೆ ಹೋಗ್ಬೇಕಾಗುತ್ತೆ."

ಮಹೇಶನ ಮುಖ ಕೆಂಪಾಯಿತು. "ಅಪ್ಪನ ಮುಂದೆ ಇದೆಲ್ಲ ಏನು ಮಾತು? ಅಷ್ಟಕ್ಕೂ ಆ ದಾರೀಲಿ ಎಲ್ಲಿ ಅಂತ ಹುಡುಕ್ಲಿ ನಾನು? ಇರೋದಕ್ಕೂ ಎಷ್ಟೋ ಕಡೆ ಬೀಗ ಹಾಕಿರ್ತಾರೆ."

ಸಣ್ಣಸ್ವಾಮಿ ಕೆಟ್ಟ ಮನುಷ್ಯರಲ್ಲ. ಬುದ್ಧಿ ಹೇಳುವ ದನಿಯಲ್ಲೇ ಹೇಳಿದರು. "ಹೆಣ್ಣುಮಕ್ಕಳು ಸ್ವಲ್ಪ ತಡ್ಕೊಳ್ಳೋದು ಕಲೀಬೇಕು ಕಣಮ್ಮ. ನಿಮ್ಮತ್ತೆಯನ್ನ ನೋಡು. ಇಷ್ಟು ವರ್ಷದಲ್ಲಿ ಒಂದು ಸಲಾನೂ ಬಸ್ಸು ನಿಲ್ಲಿಸಿ ಅಂದೋಳಲ್ಲ."

ಕಾಮಾಕ್ಷಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೆ ಇಟ್ಟರು. ಸೊಸೆ ತಮ್ಮ ಸಲುವಾಗಿ ಬೈಸಿಕೊಳ್ಳುತ್ತಿದ್ದಾಳೆ. ಸುಮ್ಮನಿದ್ದರೆ ಅದು ಅಲ್ಲಿಗೇ ಮುಗಿಯುತ್ತದೆ. ಸುಮ್ಮನಿರಲು ಅವರಿಂದ ಆಗಲಿಲ್ಲ.

"ಅವಳಿಗಲ್ಲ, ನಂಗೆ. ನಂಗೆ ತಡ್ಕೊಳ್ಳೋಕೆ ಆಗಲ್ಲ," ಎಂದರು. "ಹೋದ ವರ್ಷ ಮೈಸೂರಿನ ಮದುವೆಯಿಂದ ಬರುವಾಗ ಬಸ್ಸಲ್ಲಿ ನನ್ನ ಸೀರೆ ಒದ್ದೆ ಆಗಿತ್ತಲ್ಲ, ನೀರಿನ ಬಾಟಲಿ ಚೆಲ್ಲಿತು ಅಂದಿದ್ದೆ. ಬಾಟಲಿ ಚೆಲ್ಲಿರಲಿಲ್ಲ ರೀ."

ಸಣ್ಣಸ್ವಾಮಿಯ ತುತ್ತು ಕೈಯಲ್ಲೇ ಉಳಿಯಿತು. ಅವತ್ತು ಬಸ್ಸಿನಲ್ಲಿ ಎಲ್ಲರೆದುರು ತಾವು ಅಂದದ್ದು ಅವರಿಗೆ ನೆನಪಾಗಿತ್ತು: 'ಒಂದು ಬಾಟಲಿ ನೆಟ್ಟಗೆ ಹಿಡ್ಕೊಳ್ಳೋಕೆ ಬರಲ್ವಾ ನಿಂಗೆ?' ಅವಳು ಬ್ಯಾಗನ್ನು ಮಡಿಲ ಮೇಲೆ ಒತ್ತಿಕೊಂಡು ಕೂತಿದ್ದಳು.

ಅವರು ತಟ್ಟೆಯಲ್ಲೇ ಕೈತೊಳೆದು ಎದ್ದು ಹೊರಗೆ ಹೋದರು. ಕಾಮಾಕ್ಷಮ್ಮನಿಗೆ ಆಡಬಾರದ್ದನ್ನು ಆಡಿಬಿಟ್ಟೆನೇನೋ ಎಂಬ ಭಯ ಹತ್ತಿತು. ಸ್ವಲ್ಪ ಹೊತ್ತಿಗೆ ಜಗಲಿಯಿಂದಲೇ ಸಣ್ಣಸ್ವಾಮಿಯ ದನಿ ಬಂತು. "ಮಹೇಶ, ಆ ಜಲಪಾತ ಎಲ್ಲ ಹೊಡೆದುಹಾಕು. ತಲಕಾವೇರಿ ಒಂದು ಸಾಕು. ಎಂಟು ಗಂಟೆಗೆ ಹೊರಟರಾಯ್ತು."

ಮಹೇಶ್ ತಾಯಿಯ ಮುಖ ನೋಡಲಾರದೆ, ಬೇರೆ ಹಾಳೆ ತೆಗೆದುಕೊಂಡ. ಭಾಗಮಂಡಲದಲ್ಲಿ ಹೋಮ್‌ಸ್ಟೇ ನಡೆಸುವ ಗೆಳೆಯ ಮಿಲನ್‌ಗೆ ಫೋನ್ ಹಚ್ಚಿ, ಮೊದಮೊದಲು ತೊದಲುತ್ತ, ಆಮೇಲೆ ನೇರವಾಗಿಯೇ, ದಾರಿಯಲ್ಲಿ ಹೆಂಗಸರಿಗೆ ಎಲ್ಲೆಲ್ಲಿ ಅನುಕೂಲ ಇದೆ ಎಂದು ಕೇಳಿ ಬರೆದುಕೊಂಡ.

ಭಾನುವಾರ ಮಡಿಕೇರಿಯವರೆಗೂ ತೊಂದರೆಯಾಗಲಿಲ್ಲ. ಅಲ್ಲಿಂದ ಮುಂದೆ ತಿರುವುಗಳ ದಾರಿ. ಮಿಲನ್ ಹೇಳಿದ್ದ ಶೌಚಾಲಯದ ಮುಂದೆ ಕಾರು ನಿಂತಾಗ ಬಾಗಿಲಿಗೆ ಬೀಗ ತೂಗುತ್ತಿತ್ತು. ಕೀಲಿ ಯಾರ ಹತ್ತಿರ ಎಂದು ಹೇಳುವವರೂ ಅಲ್ಲಿರಲಿಲ್ಲ. ಕಾಮಾಕ್ಷಮ್ಮ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಹಣೆಯಲ್ಲಿ ಬೆವರು. "ಪರವಾಗಿಲ್ಲ, ಮುಂದೆ ಹೋಗೋಣ" ಎಂದರು. ಮಹೇಶ್ ಗೇರ್ ಹಾಕಿದ.

"ನಿಲ್ಸು," ಎಂದು ಸಣ್ಣಸ್ವಾಮಿ ಬಾಗಿಲು ತೆಗೆದು ಇಳಿದರು. ರಸ್ತೆಯ ಮೇಲ್ಗಡೆ ಒಂದು ಮನೆ. ಅಂಗಳದಲ್ಲಿ ಕಾಫಿ ಹಣ್ಣು ಹರವುತ್ತಿದ್ದ ಒಬ್ಬ ಹೆಂಗಸು. ಅಪರಿಚಿತರ ಮನೆಯಲ್ಲಿ ಕುಡಿಯಲು ನೀರು ಕೇಳುವುದಕ್ಕೂ ಹಿಂಜರಿಯುವ ಮನುಷ್ಯ, ಮೆಟ್ಟಿಲು ಹತ್ತಿ ಹೋಗಿ, ಚಪ್ಪಲಿ ಬಿಟ್ಟು, ಕೈ ಮುಗಿದರು.

"ತಾಯಿ, ನನ್ನ ಹೆಂಡತಿಗೆ ಅರ್ಜೆಂಟಾಗಿ ಬಾತ್‌ರೂಮಿಗೆ ಹೋಗ್ಬೇಕಿತ್ತು. ನಿಮ್ಮನೇಲಿ ಬಿಡ್ತೀರಾ?"

ಆ ಹೆಂಗಸು, ಯಮುನ, ಕೈಯಲ್ಲಿದ್ದ ಕೋಲು ಕೆಳಗಿಟ್ಟಳು. "ಇದನ್ನ ಕೇಳ್ಬೇಕಾ? ಕರ್ಕೊಂಡು ಬನ್ನಿ. ಎಷ್ಟೋ ಕಾರು ಅಲ್ಲಿ ನಿಲ್ತವೆ, ಹೆಂಗಸರು ಬೀಗ ನೋಡಿ ಹಾಗೇ ವಾಪಸ್ ಹತ್ತುತ್ತಾರೆ. ಕೇಳೋರೇ ಇಲ್ಲ."

ಕಾಮಾಕ್ಷಮ್ಮ ಅನುಶ್ರೀಯ ಕೈ ಹಿಡಿದು ಬೇಗ ಬೇಗ ಮೆಟ್ಟಿಲು ಹತ್ತಿ ಒಳಗೆ ಹೋದರು. ಸಣ್ಣಸ್ವಾಮಿ ಅಂಗಳದ ತುದಿಯಲ್ಲಿ ಮನೆಗೆ ಬೆನ್ನು ಮಾಡಿ ನಿಂತರು.

ಕೆಳಗೆ ಕಿರಿದಾದ ರಸ್ತೆಯಲ್ಲಿ ಹಿಂದಿನಿಂದ ಒಂದು ಜೀಪು ಬಂತು. ಮಹೇಶ್ ಕಾರನ್ನು ಪಕ್ಕಕ್ಕೆ ತೆಗೆದು, ಮನೆಯ ಕಡೆ ನೋಡಿ ಹಾರ್ನ್ ಹೊಡೆದ.

ಸಣ್ಣಸ್ವಾಮಿ ಕೈಯೆತ್ತಿ ತಡೆದರು.

"ಹಾರ್ನ್ ಮಾಡ್ಬೇಡ," ಅಲ್ಲಿಂದಲೇ ಕೂಗಿ ಹೇಳಿದರು. "ನಿಮ್ಮವ್ವ ನಿಧಾನಕ್ಕೆ ಬರ್ಲಿ."