ಅಳಿಸಿದ ಫೋಲ್ಡರು

ಹಾರ ಇಡಲು ಬಗ್ಗಿದ್ದ ಆಸ್ಪತ್ರೆ ಮ್ಯಾನೇಜರ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹಾರವನ್ನು ಓರೆಯಾಗಿ ಹಾಕಿ, ಹೆಣದ ಪಕ್ಕದಲ್ಲೇ ನಿಂತು ಮೆಸೇಜು ಓದಿದರು. ಹಾರ ಸರಿಮಾಡಿದ್ದು ತೀರಿಕೊಂಡವಳ ಮಗಳು.

ಸತ್ತವಳು ಆಸ್ಪತ್ರೆಯ ಕಂಪ್ಯೂಟರ್ ರೂಮನ್ನು ಇಪ್ಪತ್ತಾರು ವರ್ಷ ನೋಡಿಕೊಂಡವಳು. ಕೆಲಸಕ್ಕೆ ಸೇರಿದವರಿಗೆ ಸರ್ವರಿನಲ್ಲಿ ಅಕೌಂಟು, ಅವರವರದ್ದೇ ಒಂದು ಫೋಲ್ಡರು ಮಾಡಿಕೊಡುತ್ತಿದ್ದಳು. ಎಲ್ಲರಿಗೂ ಅಕ್ಕ. ಪಾಸ್‌ವರ್ಡು ಮರೆತು ಬಂದ ದೊಡ್ಡ ಡಾಕ್ಟರಿಗೂ, ತಲೆಯನ್ನಾದರೂ ನೆನಪಿಟ್ಟುಕೊಂಡು ತಂದಿದ್ದೀರಾ ಎಂದು ಕೇಳುವಷ್ಟು ಸಲಿಗೆ.

ಅಮ್ಮನ ಫೋಲ್ಡರಿನಲ್ಲಿರುವುದನ್ನು ಕೊಡುತ್ತೀರಾ ಎಂದು ಮಗಳು ಮೆಲ್ಲಗೆ ಕೇಳಿದಳು. ಬೆಳಿಗ್ಗೆ ತಾವೇ ಕೂತು ಅಕೌಂಟನ್ನು ಫೋಲ್ಡರ್ ಸಮೇತ ಅಳಿಸಿಬಿಟ್ಟಿದ್ದಾಗಿ ಮ್ಯಾನೇಜರು ಹೇಳಿದರು. ಸುರಕ್ಷತೆಯ ನಿಯಮವಂತೆ. ಹೆಣ ಮನೆಯಿಂದ ಹೊರಡುವವರೆಗೂ ತಡೆಯಲಾಗಲಿಲ್ಲ ಈ ಮನುಷ್ಯನಿಗೆ!

ಅಕ್ಕನ ಕೈಕೆಳಗೆ ಹನ್ನೊಂದು ವರ್ಷ ದುಡಿದ ಆಪರೇಟರ್ ಹೆಂಗಸಿಗೆ ಮೈಯೆಲ್ಲ ಉರಿದುಹೋಯಿತು.

"ಅಕೌಂಟಿಗೆ ಬೀಗ ಹಾಕಿದ್ರೆ ಸಾಕಿತ್ತಲ್ಲ ಸಾರ್. ಫೋಲ್ಡರ್ ಯಾಕೆ ಮುಟ್ಟಿದ್ರಿ?"

"ಸತ್ತವರ ಫೋಲ್ಡರ್ ಇಟ್ಕೊಂಡು ಏನಮ್ಮ ಮಾಡೋದು? ಸುಮ್ನೆ ಜಾಗ ತಿನ್ನುತ್ತೆ."

*

ಯಾರಾದರೂ ತೀರಿಕೊಂಡರೆ ಅಕ್ಕ ಅವರ ಅಕೌಂಟಿಗೆ ಬೀಗ ಹಾಕುತ್ತಿದ್ದಳು. ಮನೆಯವರು ಬಂದು ಫೋಲ್ಡರಿನ ಪ್ರತಿ ತೆಗೆದುಕೊಂಡು ಅವಳ ಪುಸ್ತಕದಲ್ಲಿ ಸಹಿ ಮಾಡುವವರೆಗೂ ಏನನ್ನೂ ಅಳಿಸುತ್ತಿರಲಿಲ್ಲ. ಹಳೆಯದನ್ನೆಲ್ಲ ಖಾಲಿ ಮಾಡಿ ಎಂದು ಮ್ಯಾನೇಜರು ಆದೇಶ ಕಳಿಸಿದಾಗ, ಯಾರೂ ಕೇಳದೆ ಉಳಿದಿದ್ದ ಒಂದೇ ಒಂದು ಫೋಲ್ಡರನ್ನು ತನ್ನ ಫೋಲ್ಡರಿನೊಳಗೆ ಇಟ್ಟುಕೊಂಡಳು. ಎಲ್ಲದರ ಇನ್ನೊಂದು ಪ್ರತಿ ಇಡಲು ಹೊಸ ಡಿಸ್ಕ್ ಬೇಕೆಂದು ಮೂರು ಸಲ ಬರೆದಳು. ಮೂರು ಸಲವೂ ಮ್ಯಾನೇಜರು 'ಅನಗತ್ಯ' ಎಂದು ಗೀಚಿ ವಾಪಸ್ ಕಳಿಸಿದರು.

ಆ ಫೋಲ್ಡರ್ ಇದೆಯೆಂದು ಮನೆಯವರಿಗೆ ನಾವೇ ಹೇಳಿಬಿಡೋಣ ಎಂದು ಆಪರೇಟರ್ ಒಮ್ಮೆ ಅಂದಿದ್ದಳು.

"ಬೇಡ ಕಣೇ. ದುಃಖ ಆರದೆ ಅದನ್ನ ತೆರೆಯೋಕಾಗಲ್ಲ. ಅವರಾಗೇ ಕೇಳ್ಲಿ, ಎಲ್ಲಿಗೆ ಹೋಗುತ್ತೆ ಅದು," ಅಂದಿದ್ದಳು ಅಕ್ಕ.

*

ಅಕ್ಕನ ಕೈಚೀಲದಲ್ಲಿ ಸಿಕ್ಕ ಆ ಪುಸ್ತಕ ಮಗಳ ಕೈಯಲ್ಲೇ ಇತ್ತು. ಆಪರೇಟರ್ ಅದನ್ನು ಇಸಿದುಕೊಂಡು ಕೊನೆಯ ಪುಟ ತೆರೆದು ಮ್ಯಾನೇಜರ ಮುಂದೆ ಹಿಡಿದಳು. ಒಂಬತ್ತು ಸಾಲು, ಒಂಬತ್ತು ಸಹಿ. ಹತ್ತನೆಯದು ಅಕ್ಕನ ದುಂಡಕ್ಷರದಲ್ಲಿ:

'ಔಷಧಿ ವಿಭಾಗದ ಮೇಡಂ. ಮಗುವಿಗೆ ಹೇಳಿದ ಕತೆಗಳು, ಅವರದೇ ದನಿಯಲ್ಲಿ. ಯಜಮಾನರಾದ ಮ್ಯಾನೇಜರ್ ಸಾರ್ ಕೇಳಿದಾಗ ಕೊಡುವುದು. ನನ್ನ ಫೋಲ್ಡರಿನಲ್ಲಿದೆ.'

ಮೂರು ವರ್ಷದ ಹಿಂದೆ ತೀರಿಕೊಂಡ ಹೆಂಡತಿ. ಮ್ಯಾನೇಜರು ಆ ಸಾಲನ್ನು ಮತ್ತೆ ಮತ್ತೆ ಓದಿದರು.

"ಇನ್ನೊಂದು ಪ್ರತಿ... ಎಲ್ಲಾದ್ರೂ ಇರುತ್ತಲ್ಲಮ್ಮ?"

ಆಪರೇಟರ್ ಪೆನ್ನಿನ ಮುಚ್ಚಳ ತೆಗೆದು, ಹತ್ತನೆಯ ಸಾಲಿನ ಮುಂದೆ ಸಹಿಗೆಂದು ಬಿಟ್ಟಿದ್ದ ಖಾಲಿ ಜಾಗದ ಮೇಲೆ ಹಿಡಿದುಕೊಂಡೇ ನಿಂತಳು.